ಯಂತ್ರ ಎಣಿಸಿದ್ದು 37, ವರದಿಯಲ್ಲಿರುವುದು 3: ಉಳಿದ 34 ಎಲ್ಲಿ ಹೋದವು?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅಡಿಕೆ, ಕಾಫಿ ತೋಟ ನೋಡಿಕೊಂಡಿದ್ದಾರೆ. ಹೋದ ವಾರ ಬೆಳಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿ ಬಿತ್ತು. ಹತ್ತು ನಿಮಿಷ ಮಾತು ತೊದಲಿತು, ಆಮೇಲೆ ಏನೂ ಆಗದವರಂತೆ ಸರಿಯಾದರು. ಕತ್ತಿನ ಡಾಪ್ಲರ್ ಮಾಡಿಸಿದಾಗ ಎಡಗಡೆಯ ಕೆರೋಟಿಡ್ ರಕ್ತನಾಳ ಶೇ. 70ರಷ್ಟು ಕಟ್ಟಿಕೊಂಡಿದೆ ಎಂದರು. ಎರಡು ಮಾತ್ರೆ ಶುರು ಮಾಡಿದರು. ಮಾರನೇ ದಿನ ತಲೆಗೆ ಪಟ್ಟಿ ಕಟ್ಟಿ, ಒಂದು ಗಂಟೆ ಟಿಸಿಡಿ ಎಂಬ ಪರೀಕ್ಷೆ ಮಾಡಿದರು. ಮೆದುಳಿಗೆ ಹೋಗುವ ರಕ್ತದಲ್ಲಿ ಸಣ್ಣ ಸಣ್ಣ ಹೆಪ್ಪು ಹರಿಯುತ್ತಿದೆಯೇ ಎಂದು ನೋಡುವ ಪರೀಕ್ಷೆಯಂತೆ. ನಾನು ಪಕ್ಕದಲ್ಲೇ ಕೂತಿದ್ದೆ. ಪರದೆಯ ಮೂಲೆಯ ಎಣಿಕೆ ಏರುತ್ತಾ ಏರುತ್ತಾ 37ಕ್ಕೆ ನಿಂತಿತು. ಸಂಜೆ ಕೈಗೆ ಬಂದ ವರದಿಯಲ್ಲಿ ಮಾತ್ರ 3 ಎಂದಿದೆ. ನಾನು ಸಾಫ್ಟ್‌ವೇರ್ ಕೆಲಸದವನು. ಯಂತ್ರ ಎಣಿಸಿದ್ದನ್ನು ಮನುಷ್ಯ ಅಳಿಸುವುದು ನನಗೆ ಸರಿ ಕಾಣುತ್ತಿಲ್ಲ. ಯಾವುದನ್ನು ನಂಬಲಿ? ಗಂಟೆಗೆ 3 ಅಂದರೆ ದಿನಕ್ಕೆ 72 ಹೆಪ್ಪು ಅಪ್ಪನ ತಲೆಗೆ ಹೋಗುತ್ತಿದೆಯೇ? ಆಪರೇಷನ್ ಮಾಡಿಸಬೇಕೋ ಬೇಡವೋ ಎನ್ನುವುದು ಈ ಸಂಖ್ಯೆಯ ಮೇಲೆ ನಿಂತಿದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಸಮಯದ ಮಿತಿ ಇದೆ. ಇಲ್ಲ, ಆಪರೇಷನ್ನಿನ ತೀರ್ಮಾನ ಈ ಸಂಖ್ಯೆಯ ಮೇಲೆ ನಿಂತಿಲ್ಲ. ನಿಮ್ಮ ತಂದೆಯವರ ಎಡ ಕೆರೋಟಿಡ್ ಶೇ. 70ರಷ್ಟು ಕಿರಿದಾಗಿದೆ. ಅದೇ ನಾಳ ರಕ್ತ ಕೊಡುವ ಮೆದುಳಿನ ಭಾಗ ಹತ್ತು ನಿಮಿಷ ಕೈಕೊಟ್ಟಿದೆ. ಬಲಗೈ ಮತ್ತು ಮಾತು, ಎರಡೂ ಎಡ ಮೆದುಳಿನವೇ. ಇಂಥವರ ವಿಷಯದಲ್ಲಿ ಏನು ಮಾಡಬೇಕೆಂಬುದು ಟಿಸಿಡಿ ಎಣಿಕೆಗೆ ಕಾಯುವ ಮಾತಲ್ಲ. ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ನ್ಯಾಸೆಟ್ ಅಧ್ಯಯನದಲ್ಲಿ, ಲಕ್ಷಣ ಕಾಣಿಸಿಕೊಂಡು ನಾಳ ಶೇ. 70 ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿದ್ದವರಲ್ಲಿ, ಬರೀ ಔಷಧಿಯ ಮೇಲಿದ್ದವರ ಪೈಕಿ ಶೇ. 26 ಮಂದಿಗೆ ಎರಡು ವರ್ಷದೊಳಗೆ ಅದೇ ಪಕ್ಕದ ಪಾರ್ಶ್ವವಾಯು ಬಡಿದಿತ್ತು. ನಾಳ ಸೀಳಿ ಒಳಗಿನ ಗಂಟು ತೆಗೆಸಿಕೊಂಡವರಲ್ಲಿ ಅದು ಶೇ. 9. ಔಷಧಿಗಳು ಅಂದಿಗಿಂತ ಇಂದು ಎಷ್ಟೋ ಸುಧಾರಿಸಿವೆ, ನಿಜ. ಆದರೂ ಶಸ್ತ್ರಚಿಕಿತ್ಸೆಯ ಹೆಚ್ಚಿನ ಪ್ರಯೋಜನ ಸಿಗುವುದು ಮೊದಲ ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದಾಗ. ಲೋಟ ಜಾರಿದ ದಿನದಿಂದ ಲೆಕ್ಕ ಹಿಡಿಯಿರಿ. ಒಂದು ವಾರ ಆಗಲೇ ಹೋಗಿದೆ. 37ರ ಗೊಂದಲ ಬಗೆಹರಿಯಲಿ ಎಂದು ಕಾಯದೆ ನಾಳೆಯೇ ನರರೋಗ ತಜ್ಞರನ್ನೂ ರಕ್ತನಾಳ ಶಸ್ತ್ರಚಿಕಿತ್ಸಕರನ್ನೂ ಕಂಡು ದಿನ ಗೊತ್ತು ಮಾಡಿಸಿಕೊಳ್ಳಿ.

ಇನ್ನು ನಿಮ್ಮ 37ಕ್ಕೆ ಬರೋಣ. ಹಲವು ವರ್ಷ ಟಿಸಿಡಿ ಕೋಣೆಯಲ್ಲಿ ಕೂತು ಈ ಸದ್ದುಗಳನ್ನೇ ಕೇಳಿದವನು ನಾನು. ನೀವು ಕೇಳಿದ ಪ್ರಶ್ನೆಯನ್ನು ರೋಗಿಯ ಕಡೆಯವರು ಯಾರೂ ಕೇಳುವುದಿಲ್ಲ, ಎಲ್ಲರೂ ಕೇಳಬೇಕಾದ ಪ್ರಶ್ನೆ ಅದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿಸಿಡಿ ಎಂದರೆ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್, ತಲೆಬುರುಡೆಯ ಮೂಲಕ ಅಲ್ಟ್ರಾಸೌಂಡ್ ಕಳಿಸಿ ರಕ್ತದ ಹರಿವನ್ನು ಆಲಿಸುವ ಪರೀಕ್ಷೆ. ತಲೆಬುರುಡೆಯ ಮೂಳೆ ಅಲ್ಟ್ರಾಸೌಂಡನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಕಿವಿಯ ಮುಂದೆ, ಕಣತಲೆಯ ಹತ್ತಿರ ಮಾತ್ರ ಮೂಳೆ ತೆಳು. ಅಲ್ಲಿಂದ ಒಳಗೆ ಇಣುಕಬಹುದು ಎಂದು 1982ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ತೋರಿಸಿದರು. ಅವರು ಬಳಸಿದ್ದು 2 ಮೆಗಾಹರ್ಟ್ಸ್ ತರಂಗ. ಹೊಟ್ಟೆಯ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಬಳಸುವುದಕ್ಕಿಂತ ಇದು ತಗ್ಗು. ತಗ್ಗಿನ ತರಂಗವೇ ಮೂಳೆ ದಾಟಲು ಮೇಲು. ಕಣತಲೆಯಿಂದ 5 ಸೆಂಟಿಮೀಟರ್ ಆಸುಪಾಸಿನ ಆಳದಲ್ಲಿ ಮೆದುಳಿನ ನಡು ರಕ್ತನಾಳ ಸಿಗುತ್ತದೆ. ದಪ್ಪ ಸುಮಾರು 3 ಮಿಲಿಮೀಟರ್. ಅದರೊಳಗೆ ರಕ್ತ ಸೆಕೆಂಡಿಗೆ ಸರಾಸರಿ 50–60 ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತದೆ. ಹರಿಯುವ ರಕ್ತಕಣಗಳಿಗೆ ಬಡಿದು ಮರಳಿದ ತರಂಗದ ಕಂಪನ ಸ್ವಲ್ಪ ಬದಲಾಗಿರುತ್ತದೆ. ಸೆಕೆಂಡಿಗೆ 50 ಸೆಂಟಿಮೀಟರ್ ವೇಗಕ್ಕೆ ಆ ವ್ಯತ್ಯಾಸ ಸುಮಾರು 1300 ಹರ್ಟ್ಸ್ ಆಗುತ್ತದೆ. ಅದು ಮನುಷ್ಯರ ಕಿವಿಗೆ ಚೆನ್ನಾಗಿ ಕೇಳುವ ಶ್ರುತಿ. ಹಾಗಾಗಿ ಟಿಸಿಡಿ ಯಂತ್ರಕ್ಕೆ ಸ್ಪೀಕರ್ ಇರುತ್ತದೆ. ಕೋಣೆಯಲ್ಲಿ ನೀವು ಕೇಳಿದ ಆ ‘ಸುಯ್... ಸುಯ್...’ ಸದ್ದು ನಿಮ್ಮ ತಂದೆಯ ಮೆದುಳಿನೊಳಗೆ ಹರಿಯುವ ರಕ್ತದ್ದೇ.

ಈ ಹರಿವಿನಲ್ಲಿ ರಕ್ತಕಣಕ್ಕಿಂತ ದೊಡ್ಡದೇನಾದರೂ ಬಂದರೆ, ಅಂದರೆ ಪ್ಲೇಟ್‌ಲೆಟ್‌ಗಳ ಮುದ್ದೆ, ಕೊಲೆಸ್ಟರಾಲ್ ಚೂರು, ಗಾಳಿಗುಳ್ಳೆ, ಅದು ಸುತ್ತಲಿನ ರಕ್ತಕ್ಕಿಂತ ಹೆಚ್ಚು ತರಂಗವನ್ನು ಹಿಂದಕ್ಕೆ ಎಸೆಯುತ್ತದೆ. ಸ್ಪೀಕರಿನಲ್ಲಿ ಒಂದು ಚುಟುಕು ‘ಚಿಂವ್’ ಕೇಳುತ್ತದೆ. ಹಕ್ಕಿಮರಿ ಒಂದೇ ಸಲ ಉಲಿದ ಹಾಗೆ, ರಾಗ ಇರುವ ಸದ್ದು. ಪರದೆಯ ಮೇಲೆ ನಾಡಿಯ ಚಿತ್ರದೊಳಗೆ ಒಂದು ಹೊಳೆಯುವ ಗೆರೆ ಮೂಡಿ ಮಾಯವಾಗುತ್ತದೆ. ಅಮೆರಿಕದ ಸಿಯಾಟಲ್‌ನ ಮೆರಿಲ್ ಸ್ಪೆನ್ಸರ್ ಸಮುದ್ರದಾಳಕ್ಕೆ ಇಳಿಯುವವರ ರಕ್ತದಲ್ಲಿ ಏಳುವ ಗುಳ್ಳೆಗಳನ್ನು ಡಾಪ್ಲರ್‌ನಲ್ಲಿ ಕೇಳಿ ಪಳಗಿದವರು. 1990ರಲ್ಲಿ ಅವರ ತಂಡ ಕೆರೋಟಿಡ್ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಮೆದುಳಿನ ನಾಳದಲ್ಲಿ ಈ ಸದ್ದನ್ನು ಹಿಡಿದು ವರದಿ ಮಾಡಿತು. ಗುಳ್ಳೆಗಳಷ್ಟೇ ಅಲ್ಲ, ಗಟ್ಟಿ ಚೂರುಗಳೂ ಹಾಗೇ ಉಲಿಯುತ್ತವೆ ಎಂಬುದು ಆಗ ಗೊತ್ತಾಯಿತು.

ಸದ್ದು ಕೇಳಿದವರೆಲ್ಲ ತಮಗೆ ತೋಚಿದಂತೆ ಎಣಿಸತೊಡಗಿದಾಗ, ಯಾವುದನ್ನು ಎಣಿಸಬೇಕೆಂದು 1995ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ಸದ್ದು 300 ಮಿಲಿಸೆಕೆಂಡಿಗಿಂತ ಚಿಕ್ಕದಿರಬೇಕು. ಹಿನ್ನೆಲೆಯ ರಕ್ತದ ಸದ್ದಿಗಿಂತ ಕನಿಷ್ಠ 3 ಡೆಸಿಬಲ್ ಜೋರಾಗಿರಬೇಕು, ಅಂದರೆ ಶಕ್ತಿಯಲ್ಲಿ ದುಪ್ಪಟ್ಟು. ರಕ್ತ ಹರಿಯುವ ದಿಕ್ಕಿನಲ್ಲೇ ಕಾಣಬೇಕು, ಎರಡೂ ದಿಕ್ಕಿನಲ್ಲಿ ಅಲ್ಲ. ಮತ್ತೆ, ಕಿವಿಗೆ ಆ ‘ಚಿಂವ್’ ಕೇಳಬೇಕು. ಈ ನಾಲ್ಕನೆಯದನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಂಡವನಲ್ಲ. 3 ಡೆಸಿಬಲ್ ಎನ್ನುವುದು ರಕ್ತದ ಸದ್ದಿನ ಸಹಜ ಏರಿಳಿತದೊಳಗೇ ಸಿಕ್ಕಿಬೀಳುವಷ್ಟು ಸಣ್ಣ ಅಂತರ. ಅದಕ್ಕೇ ಎಷ್ಟೋ ಪ್ರಯೋಗಾಲಯಗಳು ಮಿತಿಯನ್ನು 7 ಡೆಸಿಬಲ್‌ಗೆ, ಅಂದರೆ ಐದು ಪಟ್ಟು ಶಕ್ತಿಗೆ, ಏರಿಸಿಕೊಂಡಿವೆ. ಸೋಸಿ ಉಳಿದದ್ದು ಹೆಚ್ಚು ನಂಬಿಕೆಗೆ ಅರ್ಹ, ಆದರೆ ಮೆಲ್ಲಗೆ ಉಲಿಯುವ ಚೂರುಗಳು ಅದರಲ್ಲಿ ಜಾರಿಹೋಗುತ್ತವೆ.

ಈಗ ನಿಮ್ಮ ಸಾಫ್ಟ್‌ವೇರ್ ಬುದ್ಧಿಗೆ ಒಂದು ಲೆಕ್ಕ. ನಿಮ್ಮ ತಂದೆಯ ನಾಡಿ ನಿಮಿಷಕ್ಕೆ 75 ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 4500 ಬಡಿತ. ಪ್ರತಿ ಬಡಿತದಲ್ಲೂ ಸದ್ದು ಏರುತ್ತದೆ, ಇಳಿಯುತ್ತದೆ, ಪ್ರತಿ ಬಾರಿಯೂ ‘ಇದು ಹೆಪ್ಪೋ ಅಲ್ಲವೋ’ ಎಂದು ಯಂತ್ರ ತೀರ್ಮಾನ ಮಾಡಬೇಕು. ಅದು 100ಕ್ಕೆ 99 ಸಲ ಸರಿ ಹೇಳುವ ಜಾಣ ಯಂತ್ರವೇ ಆಗಿದ್ದರೂ, ಉಳಿದ 1 ಸಲಕ್ಕೆ 45 ಸುಳ್ಳು ಎಚ್ಚರಿಕೆಗಳು ಬಂದು ಕೂರುತ್ತವೆ. ನಿಜವಾದ ಹೆಪ್ಪು ಇದ್ದದ್ದು 3. ಒಂದು ಸೇರು ಅಕ್ಕಿಯಲ್ಲಿ ಮೂರೇ ಕಲ್ಲು ಇದ್ದಾಗ, ಸ್ವಲ್ಪ ಬಣ್ಣಗೆಟ್ಟ ಕಾಳುಗಳನ್ನೂ ಕಲ್ಲೆಂದು ಎತ್ತಿಡುವ ಕೈ ಎಷ್ಟು ಚುರುಕಾಗಿದ್ದರೂ, ಮೊರದ ಅಂಚಿಗೆ ಸೇರುವುದು ಹೆಚ್ಚಾಗಿ ಅಕ್ಕಿಯೇ. ಅಪರೂಪದ ವಸ್ತುವನ್ನು ಹುಡುಕುವ ಯಾವ ಯಂತ್ರಕ್ಕೂ ಈ ಪಾಡು ತಪ್ಪಿದ್ದಲ್ಲ. ನಿಮ್ಮ 37 ಯಂತ್ರ ಕೆಟ್ಟಿದೆ ಎಂಬುದರ ಗುರುತಲ್ಲ. ‘ಈ 37 ಜಾಗಗಳನ್ನು ಯಾರಾದರೂ ಕೇಳಿ ನೋಡಿ’ ಎಂದು ಯಂತ್ರ ಎತ್ತಿಟ್ಟ ರಾಶಿ ಅದು. 4500 ಬಡಿತಗಳ ಒಂದು ಗಂಟೆಯನ್ನು ಕೆಲವೇ ನಿಮಿಷದಲ್ಲಿ ಕೇಳಿ ಮುಗಿಸುವಷ್ಟಕ್ಕೆ ಇಳಿಸಿಕೊಟ್ಟದ್ದೇ ಅದರ ದೊಡ್ಡ ಉಪಕಾರ. ಒಂದು ಗಂಟೆ ಕಿವಿಗೊಟ್ಟು ಕೂತರೆ ಎಂಥ ನುರಿತವರಿಗೂ ಗಮನ ತಪ್ಪುತ್ತದೆ. ಯಂತ್ರಕ್ಕೆ ತಪ್ಪುವುದಿಲ್ಲ.

ಹಾಗಾದರೆ ಉಳಿದ 34 ಏನಿದ್ದವು? ಬಹುಪಾಲು ಅಲುಗಾಟ. ತರಂಗ ಕಳಿಸಿ ಹಿಡಿಯುವ ಪ್ರೋಬ್ ಒತ್ತಿರುವ ಜಾಗದ ಚರ್ಮದ ಕೆಳಗೇ ದವಡೆ ಎಳೆಯುವ ದೊಡ್ಡ ಸ್ನಾಯು ಇದೆ. ಹಲ್ಲು ಕಚ್ಚಿದರೆ, ಉಗುಳು ನುಂಗಿದರೆ, ಮಾತಾಡಿದರೆ, ಕೆಮ್ಮಿದರೆ ಅದು ಉಬ್ಬಿ ಪ್ರೋಬನ್ನು ತಳ್ಳುತ್ತದೆ. ಕೈಬೆರಳನ್ನು ಕಣತಲೆಗೆ ಇಟ್ಟುಕೊಂಡು ಹಲ್ಲು ಕಚ್ಚಿ ನೋಡಿ, ನಿಮಗೇ ಗೊತ್ತಾಗುತ್ತದೆ. ಈ ತಳ್ಳಾಟದ ಸದ್ದು ‘ಟಪ್’ ಎಂದು ಬರುತ್ತದೆ, ರಾಗವಿಲ್ಲದ ದಪ್ಪ ಸದ್ದು. ತಗ್ಗಿನ ಶ್ರುತಿಯಲ್ಲಿ, ಪರದೆಯ ನಡುಗೆರೆಯ ಮೇಲೂ ಕೆಳಗೂ ಎರಡೂ ಕಡೆ ಕಾಣುತ್ತದೆ. ಶಕ್ತಿಯನ್ನಷ್ಟೇ ಅಳೆಯುವ ಯಂತ್ರಕ್ಕೆ ‘ಟಪ್’ ಕೂಡ ಜೋರು ಸದ್ದೇ.

ನನ್ನ ಆರಂಭದ ದಿನಗಳ ಒಂದು ಘಟನೆ ಹೇಳಲೇಬೇಕು. ಆಗ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು, ತಾನಾಗಿ ಎಣಿಸುವಂಥದ್ದು. ನಿಮ್ಮ ತಂದೆಯಂತೆಯೇ ಹಳ್ಳಿಯಿಂದ ಬಂದ ಹಿರಿಯರೊಬ್ಬರು, ಲಕ್ಷಣವೂ ಇಂಥದ್ದೇ. ಅರ್ಧ ಗಂಟೆಯಲ್ಲಿ ಎಣಿಕೆ 60 ದಾಟಿತು. ಅವತ್ತು ರೋಗಿಗಳ ಸಾಲು ಉದ್ದವಿತ್ತು. ಸಂಖ್ಯೆಯನ್ನು ಹಾಗೇ ಬರೆದುಕೊಂಡು, ಇವರಿಗೆ ತುರ್ತಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಬೇಕೆಂದು ವಾರ್ಡಿಗೆ ಹೇಳಿ ಕಳಿಸಲು ಫೋನ್ ಎತ್ತಿಯೂ ಆಗಿತ್ತು. ಆಗ ನಮ್ಮ ಹಿರಿಯ ತಂತ್ರಜ್ಞೆ, ಓದಿನಲ್ಲಿ ನನಗಿಂತ ಕಡಿಮೆ, ಕಿವಿಯಲ್ಲಿ ನನಗಿಂತ ಬಹಳ ಮುಂದಿದ್ದವರು, ‘ಸರ್, ಅಜ್ಜನ ಕೆನ್ನೆ ನೋಡಿ’ ಎಂದರು. ಅಜ್ಜ ದವಡೆಯಲ್ಲಿ ಅಡಿಕೆ ಹೋಳು ಇಟ್ಟುಕೊಂಡು, ಗೊತ್ತಾಗದಂತೆ ಮೆಲ್ಲಗೆ ಅಗಿಯುತ್ತಿದ್ದರು. ಅಗಿದಾಗೊಮ್ಮೆ ಎಣಿಕೆ ಒಂದು ಏರುತ್ತಿತ್ತು. ಬಾಯಿ ತೊಳೆಸಿ ಮತ್ತೆ ಅರ್ಧ ಗಂಟೆ ಕೂತೆವು. ಒಂದೂ ಇರಲಿಲ್ಲ. ಬೇಡದ ಹೆಪಾರಿನ್ ಹರಿದಿದ್ದರೆ ಆ ವಯಸ್ಸಿನ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದಿತ್ತು. ಅಂದಿನಿಂದ ಯಾವ ಯಂತ್ರದ ಸಂಖ್ಯೆಯನ್ನೂ ಕೇಳಿಸಿಕೊಳ್ಳದೆ ನಾನು ವರದಿಗೆ ಇಳಿಸಿಲ್ಲ. ನಿಮ್ಮ ವರದಿ ಬರೆದವರೂ ಮಾಡಿದ್ದು ಇದನ್ನೇ. 34ನ್ನು ಅಳಿಸುವ ಮೊದಲು 37ನ್ನೂ ಒಂದೊಂದಾಗಿ ಕೇಳಿರುತ್ತಾರೆ.

ಈ ‘ಟಪ್’ ಸದ್ದನ್ನು ಯಂತ್ರವೇ ತಳ್ಳಿಹಾಕುವಂತೆ ಮಾಡಲು ಎಂಜಿನಿಯರುಗಳು ಮೂರು ದಶಕಗಳಿಂದ ದುಡಿದಿದ್ದಾರೆ. ನನಗೆ ಬಹಳ ಹಿಡಿಸಿದ ಉಪಾಯ ಎರಡು ಆಳಗಳಲ್ಲಿ ಕೇಳುವುದು. ಒಂದೇ ನಾಳವನ್ನು 55 ಮಿಲಿಮೀಟರ್ ಆಳದಲ್ಲೂ 45 ಮಿಲಿಮೀಟರ್ ಆಳದಲ್ಲೂ ಏಕಕಾಲಕ್ಕೆ ಆಲಿಸುತ್ತಾರೆ. ನಿಜವಾದ ಚೂರು ರಕ್ತದ ಜೊತೆ ಪ್ರಯಾಣ ಮಾಡುತ್ತದೆ. ಆಳದ ಜಾಗವನ್ನು ಮೊದಲು ದಾಟಿ, ಆಮೇಲೆ ಮೇಲಿನದಕ್ಕೆ ಬರುತ್ತದೆ. 1 ಸೆಂಟಿಮೀಟರ್ ದೂರ, ಸೆಕೆಂಡಿಗೆ 50 ಸೆಂಟಿಮೀಟರ್ ವೇಗ, ಅಲ್ಲಿಗೆ 20 ಮಿಲಿಸೆಕೆಂಡ್ ಅಂತರ. ಹಲ್ಲು ಕಚ್ಚಿದ ಸದ್ದಿಗೆ ಪ್ರಯಾಣವೇ ಇಲ್ಲ, ಎರಡೂ ಆಳದಲ್ಲಿ ಒಂದೇ ಗಳಿಗೆಗೆ ಸಿಡಿಯುತ್ತದೆ. ಮೇಲಿನ ಊರಿನ ಕಾಲುವೆಗೆ ಬಿದ್ದ ತೆಂಗಿನಕಾಯಿ ಕೆಳಗಿನ ಊರಿಗೆ ಸ್ವಲ್ಪ ಹೊತ್ತಿನ ಮೇಲೆ ತೇಲಿ ಬರಬೇಕು ತಾನೇ? ಎರಡೂ ಊರಿನಲ್ಲಿ ಒಟ್ಟಿಗೇ ಸದ್ದಾದರೆ ಅದು ಕಾಲುವೆಯ ಸದ್ದಲ್ಲ, ಗುಡುಗು. ಇಷ್ಟು ಸರಳ ವಿಚಾರ ಎಷ್ಟೋ ಸುಳ್ಳು ಎಣಿಕೆಗಳನ್ನು ತೆಗೆದುಹಾಕಿತು. ಆದರೂ ಪೂರ್ತಿ ಅಲ್ಲ. ನಾಳ ಬಳುಕಿದ್ದರೆ ಎರಡನೇ ಜಾಗ ನಾಳದ ಹೊರಗೆ ಬೀಳುತ್ತದೆ, ಚೂರು ನಡುವೆ ಕವಲೊಡೆದು ಬೇರೆ ಕೊಂಬೆಗೆ ತಿರುಗಿದರೆ ಎರಡನೇ ಸದ್ದೇ ಬರುವುದಿಲ್ಲ.

ಆಮೇಲಿನ ಕೆಲಸ ಸದ್ದಿನ ಆಕಾರವನ್ನು ಬಿಡಿಸಿ ನೋಡುವ ಗಣಿತದ್ದು. ಸದ್ದನ್ನು ಸಮಾನ ತುಣುಕುಗಳಾಗಿ ಕತ್ತರಿಸಿ ಶ್ರುತಿ ಅಳೆಯುವುದು ಹಳೆಯ ರೀತಿ. ಒಂದು ‘ಚಿಂವ್’ ಬಾಳುವುದೇ ಹತ್ತಾರು ಮಿಲಿಸೆಕೆಂಡು, ಎರಡು ತುಣುಕಿನ ಗಡಿಯಲ್ಲಿ ಬಿದ್ದರೆ ಅರ್ಧರ್ಧ ಹಂಚಿಹೋಗಿ ಮಂಕಾಗುತ್ತದೆ. ತುಣುಕುಗಳು ಒಂದರ ಮೇಲೊಂದು ಕನಿಷ್ಠ ಅರ್ಧದಷ್ಟು ಹೊದ್ದುಕೊಂಡಿರಬೇಕೆಂಬ ನಿಯಮ ಬಂದದ್ದು ಇದಕ್ಕಾಗಿ. ಚಿಕ್ಕ ಸದ್ದಿಗೆ ಚಿಕ್ಕ ಅಳತೆಗೋಲು, ಉದ್ದದ ಸದ್ದಿಗೆ ಉದ್ದದ ಅಳತೆಗೋಲು ಹಿಡಿಯುವ ವೇವ್‌ಲೆಟ್ ಗಣಿತವನ್ನು 1990ರ ದಶಕದ ಕೊನೆಯಿಂದ ಇದಕ್ಕೆ ಅಳವಡಿಸಿದರು, ಅದು ಸರಿಯಾಗಿ ಹೊಂದಿತು. ಈಗ ನಿಮ್ಮ ಕ್ಷೇತ್ರದ್ದೇ ಕಾಲ. ಸಾವಿರಾರು ಸದ್ದುಗಳನ್ನು ಉಣಿಸಿ ಯಂತ್ರಕ್ಕೆ ಕಲಿಸುತ್ತಿದ್ದಾರೆ. ಪ್ರೋಬನ್ನು ರೋಬಾಟ್ ತೋಳುಗಳೇ ಹಿಡಿದು ಕಣತಲೆಯ ತೆಳು ಜಾಗ ಹುಡುಕುವ ಯಂತ್ರಗಳೂ ಅಮೆರಿಕದಲ್ಲಿ ಬಳಕೆಗೆ ಬಂದಿವೆ.

ಇದನ್ನೆಲ್ಲ ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ಮಾತು ನಿಮ್ಮಂಥವರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತೀರಿ: ಕಲಿಯುವ ಯಂತ್ರಕ್ಕೆ ‘ಇದು ಹೆಪ್ಪು, ಇದು ಅಲ್ಲ’ ಎಂದು ಹೇಳಿಕೊಟ್ಟವರು ಮನುಷ್ಯರೇ. ಜೋರು ಸದ್ದಿನ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಇಲ್ಲ. ಮೆಲುಸದ್ದು ಬಂದಾಗ, 3ರಿಂದ 6 ಡೆಸಿಬಲ್ ಒಳಗಿನದಕ್ಕೆ, ಪಕ್ಕಪಕ್ಕದಲ್ಲಿ ಕೂತ ಇಬ್ಬರು ನುರಿತವರೇ ಬೇರೆ ಬೇರೆ ಹೇಳುತ್ತಾರೆ. ಆ ಅನುಮಾನವನ್ನೂ ಯಂತ್ರ ನಮ್ಮಿಂದಲೇ ಕಲಿತಿದೆ. ಯಂತ್ರಕ್ಕೂ ಮನುಷ್ಯರಿಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಹೆಚ್ಚಾಗಿ ಮನುಷ್ಯ ಮನುಷ್ಯರಿಗೂ ತಾಳೆಯಾಗುತ್ತಿರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬೇಡ. ಸದ್ದು ಜೋರಾಗಿದ್ದರೆ ಹೆಪ್ಪು ದೊಡ್ಡದು ಎಂದಲ್ಲ. ಚಿಕ್ಕ ಗಾಳಿಗುಳ್ಳೆಯೂ ತನಗಿಂತ ಎಷ್ಟೋ ದೊಡ್ಡ ಗಟ್ಟಿ ಚೂರಿಗಿಂತ ಜೋರಾಗಿ ಉಲಿಯಬಹುದು. ನಮ್ಮಲ್ಲಿ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು ಲೋಹದ ಕವಾಟ ಹಾಕಿಸಿಕೊಂಡವರು ಬಹಳ, ಅದರಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳೇ ಎಷ್ಟೋ ಜನ. ಅವರ ತಲೆಗೆ ಪ್ರೋಬ್ ಇಟ್ಟರೆ ಕೆಲವರಲ್ಲಿ ಗಂಟೆಗೆ ನೂರಾರು ‘ಚಿಂವ್’ ಕೇಳಿದ್ದೂ ಉಂಟು. ಇಷ್ಟು ಹೆಪ್ಪು ಹೋಗುತ್ತಿದ್ದರೆ ಅವರು ಓಡಾಡಿಕೊಂಡಿರುವುದಾದರೂ ಹೇಗೆ ಎಂದು ಎಲ್ಲರಿಗೂ ಸೋಜಿಗವಾಗಿತ್ತು. 1990ರ ದಶಕದಲ್ಲಿ ಜರ್ಮನಿಯ ವೈದ್ಯರು ಅಂಥವರಿಗೆ ಮುಖವಾಡ ಹಾಕಿ ಶುದ್ಧ ಆಮ್ಲಜನಕ ಕೊಟ್ಟು ನೋಡಿದರು. ರಕ್ತದಲ್ಲಿ ಕರಗಿದ ಸಾರಜನಕ ಇಳಿದಂತೆ ಸದ್ದುಗಳೂ ಇಳಿದವು. ಅಲ್ಲಿಗೆ ಅವು ಬಹುಪಾಲು ಹೆಪ್ಪಲ್ಲ, ಕವಾಟ ಬಡಿದು ಮುಚ್ಚುವಾಗ ಏಳುವ ಗುಳ್ಳೆಗಳು ಎಂದು ಗೊತ್ತಾಯಿತು. ಗಟ್ಟಿಯೋ ಗುಳ್ಳೆಯೋ ಎಂದು ಯಂತ್ರವೇ ಹೇಳಲೆಂದು ಓಸ್ಲೋದ ಡೇವಿಡ್ ರಸೆಲ್ ಮತ್ತು ಜರ್ಮನಿಯ ರೈನರ್ ಬ್ರೂಖರ್ 2 ಮತ್ತು 2.5 ಮೆಗಾಹರ್ಟ್ಸ್ ಎರಡನ್ನೂ ಒಟ್ಟಿಗೆ ಕಳಿಸುವ ಯಂತ್ರವನ್ನು 2002ರಲ್ಲಿ ಮುಂದಿಟ್ಟರು. ಗಟ್ಟಿ ಚೂರು ಮೇಲಿನ ಕಂಪನಕ್ಕೆ ಹೆಚ್ಚು ಓಗೊಡುತ್ತದೆ, ಗುಳ್ಳೆ ಕೆಳಗಿನದಕ್ಕೆ. ಯೋಚನೆ ಸುಂದರ. ಆದರೆ ಬೇರೆ ಪ್ರಯೋಗಾಲಯಗಳು ರೋಗಿಗಳಲ್ಲಿ ಒರೆಹಚ್ಚಿದಾಗ ಒಬ್ಬೊಬ್ಬರ ಚಿಕಿತ್ಸೆಯನ್ನು ಅದರ ಮಾತಿನ ಮೇಲೆ ನಿರ್ಧರಿಸುವಷ್ಟು ಖಚಿತತೆ ಅದಕ್ಕೆ ಸಿಗಲಿಲ್ಲ. ನಿಮ್ಮ ತಂದೆಗೆ ಲೋಹದ ಕವಾಟ ಇಲ್ಲ, ಪರೀಕ್ಷೆಯ ಹೊತ್ತಿನಲ್ಲಿ ಡ್ರಿಪ್ ಏರಿಸುತ್ತಿರಲಿಲ್ಲ ಎಂದಿಟ್ಟುಕೊಂಡರೆ, ಆ 3 ಸದ್ದುಗಳು ಕೆರೋಟಿಡ್‌ನ ಗಂಟಿನಿಂದ ಕಳಚಿದ ಗಟ್ಟಿ ಚೂರುಗಳು, ಬಹುಶಃ ಪ್ಲೇಟ್‌ಲೆಟ್ ಮುದ್ದೆಗಳು, ಎಂದೇ ನಾನು ತಿಳಿಯುತ್ತೇನೆ.

3ನ್ನು 24ರಿಂದ ಗುಣಿಸಬೇಡಿ. ಈ ಚೂರುಗಳು ಗಡಿಯಾರ ನೋಡಿ ಬರುವುದಿಲ್ಲ. ಒಂದು ಗಂಟೆಯಲ್ಲಿ ಐದು ಬಂದು, ಮುಂದಿನ ನಾಲ್ಕು ಗಂಟೆ ಒಂದೂ ಇಲ್ಲದಿರಬಹುದು. ಆಸ್ಲಿಡ್ ಮತ್ತು ಬ್ರಿಟನ್ನಿನ ಹ್ಯೂ ಮಾರ್ಕಸ್ ತಂಡ ಹೊತ್ತುಕೊಂಡು ಓಡಾಡಬಹುದಾದ ಟಿಸಿಡಿಯನ್ನು 2004ರ ಹೊತ್ತಿಗೆ ಪ್ರಯತ್ನಿಸಿದ್ದು ಇದೇ ಕಾರಣಕ್ಕೆ, ಒಂದು ಗಂಟೆಯ ಕಿಂಡಿ ಬಹಳ ಕಿರಿದು. ಸೊನ್ನೆ ಬಂದಿದ್ದರೆ ಅಪಾಯ ಇಲ್ಲ ಎಂದೂ ಅರ್ಥವಾಗುತ್ತಿರಲಿಲ್ಲ ಎನ್ನುವುದನ್ನು ಜೊತೆಗೇ ನೆನಪಿಡಿ. ಮತ್ತು ಈ ಮೂರು ಚೂರುಗಳು ಹಾದುಹೋದಾಗ ನಿಮ್ಮ ತಂದೆ ಅಲ್ಲೇ ಮಲಗಿದ್ದರು, ಕೈ ಸರಿಯಿತ್ತು, ಮಾತು ಸರಿಯಿತ್ತು. ಇಷ್ಟು ಚಿಕ್ಕ ಚೂರುಗಳು ಹೆಚ್ಚಾಗಿ ಒಡೆದು ಕರಗಿಹೋಗುತ್ತವೆ. ಪ್ರತಿ ‘ಚಿಂವ್’ ಒಂದು ಪಾರ್ಶ್ವವಾಯು ಅಲ್ಲ.

ಹಾಗಾದರೆ ಅವಕ್ಕೆ ಬೆಲೆ ಏನು? ಆ ಗಂಟಿನ ಮೇಲ್ಮೈ ಇನ್ನೂ ಹಸಿಯಾಗಿದೆ, ಅದರ ಮೇಲೆ ಪ್ಲೇಟ್‌ಲೆಟ್ ಕೂತು ಕಳಚುತ್ತಿದೆ ಎಂದು ಅವು ಹೇಳುತ್ತವೆ. ಲಕ್ಷಣವೇ ಕಾಣದ, ಆದರೆ ಕೆರೋಟಿಡ್ ಶೇ. 70 ಅಥವಾ ಅದಕ್ಕಿಂತ ಹೆಚ್ಚು ಕಿರಿದಾದವರ ಮೇಲೆ ಮಾರ್ಕಸ್ ಮುಂದಾಳುತನದಲ್ಲಿ ನಡೆದ ಏಸಸ್ ಅಧ್ಯಯನ 2010ರಲ್ಲಿ ಹೊರಬಂತು. ರೆಕಾರ್ಡಿಂಗ್ ಆದ 467 ಮಂದಿಯಲ್ಲಿ 77 ಮಂದಿಗೆ ಈ ಸದ್ದು ಸಿಕ್ಕಿತ್ತು. ಸದ್ದು ಸಿಕ್ಕವರಲ್ಲಿ ಅದೇ ಪಕ್ಕದ ಪಾರ್ಶ್ವವಾಯು ವರ್ಷಕ್ಕೆ ಶೇ. 3.62, ಸಿಗದವರಲ್ಲಿ ಶೇ. 0.70. ಯಾರಿಗೆ ಆಪರೇಷನ್ ಬೇಕು, ಯಾರಿಗೆ ಔಷಧಿ ಸಾಕು ಎಂಬ ಜಿಜ್ಞಾಸೆ ಇರುವುದು ಇಂಥವರಲ್ಲಿ, ಟಿಸಿಡಿ ಎಣಿಕೆ ನಿಜವಾಗಿ ತೂಗುವುದೂ ಅಲ್ಲೇ. ನಿಮ್ಮ ತಂದೆಯ ವಿಷಯದಲ್ಲಿ ಲೋಟ ಜಾರಿದಾಗಲೇ ಆ ಉತ್ತರ ಬಂದುಬಿಟ್ಟಿದೆ.

ಅವರಿಗೆ ಈ 3 ಇನ್ನೊಂದು ಕೆಲಸಕ್ಕೆ ಬರುತ್ತದೆ. ಶುರು ಮಾಡಿರುವ ಎರಡು ಮಾತ್ರೆ, ಪ್ಲೇಟ್‌ಲೆಟ್‌ಗಳು ಮುದ್ದೆಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಇರಬೇಕು ಎಂದುಕೊಂಡಿದ್ದೇನೆ. 2005ರ ಕೇರೆಸ್ ಅಧ್ಯಯನದಲ್ಲಿ ನಿಮ್ಮ ತಂದೆಯಂಥವರನ್ನೇ, ಅಂದರೆ ಇತ್ತೀಚೆಗೆ ಲಕ್ಷಣ ಕಂಡು, ಟಿಸಿಡಿಯಲ್ಲಿ ಸದ್ದು ಸಿಕ್ಕ 107 ಮಂದಿಯನ್ನು ಎರಡು ಗುಂಪು ಮಾಡಿದರು. ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಏಳನೇ ದಿನವೂ ಶೇ. 72.7 ಮಂದಿಗೆ ಸದ್ದು ಕೇಳುತ್ತಲೇ ಇತ್ತು. ಎರಡೂ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ. 43.8ಕ್ಕೆ ಇಳಿದಿತ್ತು. ತಲೆಯೊಳಗಿನ ನಾಳಗಳೇ ಕಿರಿದಾಗುವುದು ನಮ್ಮ ಏಷ್ಯಾದವರಲ್ಲಿ ಹೆಚ್ಚು. ಅಂಥವರ ಮೇಲೆ ಹಾಂಗ್‌ಕಾಂಗ್, ಸಿಂಗಪುರ ಮುಂತಾದ ಕಡೆ ನಡೆದ 2010ರ ಕ್ಲೇರ್ ಅಧ್ಯಯನದಲ್ಲೂ ಎರಡನೇ ದಿನಕ್ಕೇ ಇಂಥದ್ದೇ ಇಳಿತ ಕಂಡಿತು. ಪಾರ್ಶ್ವವಾಯು ತಡೆಯಿತೇ ಎಂದು ತಿಳಿಯಲು ಸಾವಿರಾರು ರೋಗಿಗಳು, ವರ್ಷಗಳು ಬೇಕು. ಸದ್ದು ಕಡಿಮೆಯಾಯಿತೇ ಎಂದು ತಿಳಿಯಲು ನೂರು ಜನ, ಒಂದು ವಾರ ಸಾಕಾಯಿತು. ಈ ಪರೀಕ್ಷೆ ವೈದ್ಯಶಾಸ್ತ್ರಕ್ಕೆ ಕೊಟ್ಟ ಕಾಣಿಕೆಗಳಲ್ಲಿ ನಾನು ಇದನ್ನೇ ಮೇಲೆ ಇಡುತ್ತೇನೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಇನ್ನೊಮ್ಮೆ ಟಿಸಿಡಿ ಮಾಡುವುದಾದರೆ, ಅದೇ ಪಕ್ಕ, ಅದೇ ಆಳ, ಅದೇ ಡೆಸಿಬಲ್ ಮಿತಿ ಇಟ್ಟುಕೊಳ್ಳಲು ಕೇಳಿ. ಇಲ್ಲದಿದ್ದರೆ ಮೊದಲ 3ಕ್ಕೂ ಎರಡನೇ ಸಂಖ್ಯೆಗೂ ಹೋಲಿಕೆಯೇ ಕೂಡುವುದಿಲ್ಲ. ಗುರುತಿಸಿದ ಸದ್ದುಗಳ ತುಣುಕನ್ನು ಯಂತ್ರ ಉಳಿಸಿಕೊಂಡಿರುತ್ತದೆ, ಸಂಕೋಚ ಪಡದೆ ಕೇಳಿಸಿಕೊಡಿ ಎನ್ನಿ. ಆ 3ನ್ನೂ, ತಳ್ಳಿಹಾಕಿದ 34ರಲ್ಲಿ ಒಂದೆರಡನ್ನೂ ನೀವೇ ಕೇಳಿದರೆ, ನಾನು ಇಷ್ಟುದ್ದ ಬರೆದದ್ದು ಅರ್ಧ ನಿಮಿಷದಲ್ಲಿ ಮನದಟ್ಟಾಗುತ್ತದೆ. ಪರೀಕ್ಷೆಗೆ ಮೊದಲು ಎಲೆಅಡಿಕೆ ಉಗಿದು ಬಾಯಿ ತೊಳೆದಿರಲಿ. ಆ ಒಂದು ಗಂಟೆ ತಂದೆಯವರನ್ನು ಮಾತಿಗೆ ಎಳೆಯಬೇಡಿ. ಮಾತ್ರೆಗಳನ್ನು ‘ಈಗ ಸರಿಯಾಗಿದ್ದೇನಲ್ಲ’ ಎಂದು ಅವರಾಗಿ ನಿಲ್ಲಿಸದಂತೆ ನೋಡಿಕೊಳ್ಳಿ. ಆಪರೇಷನ್‌ಗೆ ಮುಂಚೆ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎನ್ನುವುದು ಶಸ್ತ್ರಚಿಕಿತ್ಸಕರು ಹೇಳಬೇಕಾದದ್ದು. ಆಪರೇಷನ್ ನಡೆಯುವಾಗಲೂ ಕೆಲವು ಕಡೆ ಟಿಸಿಡಿ ಹಚ್ಚಿರುತ್ತಾರೆ. ನಾಳದ ಕ್ಲಿಪ್ ತೆಗೆದ ಗಳಿಗೆಯಲ್ಲಿ ಸದ್ದುಗಳ ಸುರಿಮಳೆಯೇ ಆಗುತ್ತದೆ, ಅದು ಬಹುಪಾಲು ಒಳಗೆ ಉಳಿದ ಗಾಳಿ. ಆಪರೇಷನ್ ಆದ ಮೇಲಿನ ಗಂಟೆಗಳಲ್ಲಿ ಸದ್ದು ನಿಲ್ಲದೆ ಬರುತ್ತಿದ್ದರೆ ಮಾತ್ರ ಹೊಲಿಗೆಯ ಜಾಗದಲ್ಲಿ ಹೆಪ್ಪು ಕಟ್ಟುತ್ತಿದೆ ಎಂದು ಅವರು ಎಚ್ಚೆತ್ತುಕೊಳ್ಳುತ್ತಾರೆ.

ಅಷ್ಟರೊಳಗೆ ಮತ್ತೆ ಕೈ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಎಡಗಣ್ಣಿಗೆ ಪರದೆ ಇಳಿದಂತೆ ಕತ್ತಲೆ ಕವಿದರೆ, ಹತ್ತು ನಿಮಿಷದಲ್ಲಿ ಸರಿಹೋದೀತು ಎಂದು ಕಾಯಬೇಡಿ. ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ನಿಮ್ಮ ತೋಟದಿಂದ ಅಂಥ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ, ರಾತ್ರಿ ಹೊತ್ತು ಯಾರ ಗಾಡಿ ಸಿಗುತ್ತದೆ ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.